ಯಾವ ಕಾಲದ ಚಾಂಪಿಯನ್ ದೊಡ್ಡವನು?

"ನಿನ್ ಕೈಲಿ ಓಟ್ಲು ನಡ್ಸಕ್ಕಾಗಲ್ಲ, ಬುಡು" ಎಂದವರು ನಮ್ಮ ಭಾವ, ನನ್ನ ಗಂಡನ ಅಣ್ಣ. ಗೆಜ್ಜಲಗೆರೆಯಲ್ಲಿ ಮಾವನವರು ಸೌದೆ ಒಲೆಯ ಮೇಲೆ ನಡೆಸುತ್ತಿದ್ದ ಹೋಟೆಲನ್ನು, ಅವರು ತೀರಿಕೊಂಡ ಮೇಲೆ ನಾನೇ ಹಟ ಹಿಡಿದು ವಹಿಸಿಕೊಂಡೆ. ಈಗಲೂ ಭಾವ ದಿನಾ ಕಾಫಿಗೆ ಬಂದು, "ಗ್ಯಾಸು, ಗ್ರೈಂಡ್ರು ಇದ್ರೆ ಯಾರ್ ಬೇಕಾದ್ರೂ ನಡುಸ್ತಾರೆ. ನಮ್ಮಪ್ಪಂಗೆ ಏನಿತ್ತು?" ಅನ್ನುತ್ತಾರೆ.

ಮೊನ್ನೆ ಹತ್ತಿರದ ಫ್ಯಾಕ್ಟರಿಯ ಸೂಪರ್‌ವೈಸರೊಬ್ಬರು ದೋಸೆಗೆ ಕಾಯುತ್ತಾ, ಮೊಬೈಲಿನಲ್ಲಿ ಚೆಸ್ ನೋಡುತ್ತಾ, ಈಗಿನ ವಿಶ್ವ ಚಾಂಪಿಯನ್ನೇ ಎಲ್ಲರಿಗಿಂತ ದೊಡ್ಡವನು ಅಂದರು. ಭಾವ ಬಿಡಲಿಲ್ಲ.

"ನಮ್ ಕಾಲದ ಚಾಂಪಿಯನ್ನು ಪುಸ್ತಕ ಇಟ್ಕಂಡು ಒಬ್ನೇ ಕುಂತು ಕಲ್ತೋನು. ಇವ್ನಿಗೆ ಕಂಪ್ಯೂಟ್ರು ಏಳ್ಕೊಡ್ತದೆ. ಅದೇನ್ ದೊಡ್ಡಸ್ತಿಕೆ, ಸ್ವಾಮಿ?"

ನಾನೂ ಪೇಪರ್ ಓದಿ ಓದಿಯೇ ಚೆಸ್ ತಿಳಿದುಕೊಂಡವಳು. ಆದರೆ ನಸುಕಿನಿಂದ ಕಾವಲಿಯ ಮುಂದೆ ನಿಂತಿದ್ದ ನನಗೆ ಅವರ ಮಾತು ಚೆಸ್ಸಿನದು ಅನ್ನಿಸಲಿಲ್ಲ. ದೋಸೆ ತಿರುವಿ ಹಾಕುತ್ತಲೇ ಕೇಳಿದೆ: "ಭಾವ, ಎದುರಿಗೆ ಆಡೋನ ಹತ್ರಾನೂ ಕಂಪ್ಯೂಟ್ರು ಇರ್ತದಲ್ವಾ? ಮಾವನವರ ಕಾಲದಲ್ಲಿ ಈ ರಸ್ತೇಲಿ ಇದೊಂದೇ ಓಟ್ಲು. ಈಗ ಎದುರುಗಡೆನೇ ಮೂರವೆ. ಅವರ ಹತ್ರಾನೂ ಗ್ರೈಂಡ್ರು ಅದೆ."

ಸೂಪರ್‌ವೈಸರ್ ನಕ್ಕರು. ಭಾವ ಲೋಟ ಕೆಳಗಿಟ್ಟರು.

"ನಾನು ಚೆಸ್ ವಿಷ್ಯ ಮಾತಾಡ್ತಿದ್ದೆ ಕಣಮ್ಮ."

"ನಾನೂ ಅದನ್ನೇ, ಭಾವ."

ಆ ಸೌದೆ ಒಲೆಯ ಹೊಗೆಯಲ್ಲಿ ಮಾವನವರು ಗೆದ್ದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಅವರನ್ನು ತೋರಿಸಿ ನನ್ನನ್ನು ಸೋಲಿಸುವುದನ್ನು ಮಾತ್ರ ಒಪ್ಪುವುದಿಲ್ಲ.

ಇವತ್ತು ಹೋಟೆಲು, ಅದರ ಹಿಂದಿನ ಎರಡು ಕೋಣೆಯ ಮನೆ, ಎರಡೂ ನನ್ನ ಹೆಸರಿನಲ್ಲಿವೆ. ಅದಕ್ಕಾಗಿ ಕಾವಲಿಯ ಮುಂದೆ ನಿಂತೂ ನಿಂತೂ ನನ್ನ ಮಂಡಿಗಳು ಹೋದವು. ನೆಲದ ಮೇಲೆ ಕೂತರೆ ಯಾರಾದರೂ ಹಿಡಿದು ಎಬ್ಬಿಸಬೇಕು. ಭಾವನನ್ನು ಮಾತ್ರ ಕರೆಯುವುದಿಲ್ಲ.