ಸುತ್ತಿಟ್ಟ ಹಾಸಿಗೆ

2022ರ ಫೆಬ್ರವರಿಯ ಆ ಬೆಳಿಗ್ಗೆಯೂ ಎಂದಿನಂತೆ ಫಿಲ್ಟರಿಗೆ ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬಿದೆ. ಇಪ್ಪತ್ತು ವರ್ಷ ಮನೆ ನೋಡಿಕೊಂಡಿದ್ದ ನಾನು, ಮಗಳು ಕಾಲೇಜಿಗೆ ಹೋದ ಮೇಲೆ ಅಟ್ಲಾಂಟಾದ ಹೊರವಲಯದ ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ವಾರಕ್ಕೆ ಮೂರು ದಿನ ಕನ್ನಡದ ಇಂಟರ್‌ಪ್ರಿಟರ್ ಕೆಲಸಕ್ಕೆ ಸೇರಿದ್ದೆ. ಅವರು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಅವರಿಗೆ ಹೇಳಬೇಕು, ಸ್ವಂತದ್ದೇನೂ ಸೇರಿಸಬಾರದು. ಕಾನ್ವೆಂಟಿನ ಸಿಸ್ಟರ್‌ಗಳ ಕೈಯಲ್ಲಿ ಕಲಿತ ನನಗೆ ನಿಯಮ ಪಾಲಿಸುವುದೇನೂ ಕಷ್ಟವಿರಲಿಲ್ಲ.

ಅಂದಿನ ಕೆಲಸ ರೆಸಿಡೆನ್ಸಿ ಚೆಕ್. ಅಂದರೆ, ವಿದ್ಯಾರ್ಥಿ ಕೊಟ್ಟಿರುವ ವಿಳಾಸದಲ್ಲಿ ನಿಜಕ್ಕೂ ವಾಸವಿದ್ದಾಳೆಯೇ ಎಂದು ಮನೆಗೇ ಹೋಗಿ ನೋಡುವುದು. ಡಿಸ್ಟ್ರಿಕ್ಟಿನ ಗಡಿಯೊಳಗೆ ವಾಸವಿದ್ದವರಿಗಷ್ಟೇ ಅಲ್ಲಿಯ ಸರ್ಕಾರಿ ಶಾಲೆ. ಹನ್ನೊಂದನೇ ತರಗತಿಯ ಮೇಘನಾಳ ತಂದೆ-ತಾಯಿ ಪಕ್ಕದ ಕೌಂಟಿಗೆ ಮನೆ ಬದಲಾಯಿಸಿದ್ದರು. ಹುಡುಗಿ ಮಾತ್ರ ಇಲ್ಲೇ ದೊಡ್ಡಮ್ಮನ ಮನೆಯಲ್ಲಿ, ಅವರ ಗಂಡ-ಮಗನ ಜೊತೆ ಇದ್ದಾಳೆ ಎಂದು ಕಾಗದಪತ್ರ ಕೊಟ್ಟಿದ್ದರು. ಸುಳ್ಳೆಂದು ಕಂಡರೆ ಅವಳು ವರ್ಷದ ನಡುವೆ ಶಾಲೆ ಬಿಡಬೇಕಿತ್ತು.

ನಾನೂ ಡಿಸ್ಟ್ರಿಕ್ಟಿನ ಅಧಿಕಾರಿ ವಾಕರ್ ಅವರೂ ದೊಡ್ಡಮ್ಮನ ಮನೆಗೆ ಹೋದಾಗ ಒಂಬತ್ತು ಗಂಟೆ. ಮೇಘನಾ ಶಾಲೆಗೆ ಹೋಗಿದ್ದಳು. ವಾಕರ್ ಬಾಗಿಲಲ್ಲಿ ಶೂ ಕಳಚಿದಾಗ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು. ಅಷ್ಟು ದೊಡ್ಡ ಆಳು ನಾಚಿಕೊಂಡರು. ದೊಡ್ಡಮ್ಮನಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಗಾಬರಿಯಲ್ಲಿ ಬಾಯಿಂದ ಹೊರಡಲಿಲ್ಲ.

“ಹುಡುಗಿಯ ಮಂಚ ಎಲ್ಲಿ?” ಎಂದರು ವಾಕರ್.

“ಮಂಚ ಎಲ್ಲಿಂದ ಬರ್ಬೇಕ್ರೀ? ಕೆಳಗೇ ಮಲಗ್ತಾಳೆ. ಬೆಳಿಗ್ಗೆ ಸುತ್ತಿ ಕ್ಲಾಸೆಟ್‌ನಲ್ಲಿ ಇಡ್ತೀವಿ. ಹೇಳ್ರೀ ಅವ್ರಿಗೆ!”

ಹೇಳಿದೆ. ಕ್ಲಾಸೆಟ್ ತೆರೆದರೆ ಸುತ್ತಿದ ಹಾಸಿಗೆಯೇನೋ ಇತ್ತು.

“ನೆಂಟರು ಬಂದಾಗ ಹಾಸೋ ಥರ ಇದೆ” ಎಂದು ವಾಕರ್ ಪೆನ್ನು ತೆಗೆದರು.

ಅಷ್ಟರಲ್ಲಿ ನನ್ನ ಕಣ್ಣು ಬಚ್ಚಲಿಗೆ ಹೋಗಿತ್ತು. ನಾಲ್ಕು ಟೂತ್‌ಬ್ರಷ್. ಮೂರು ಒದ್ದೆ, ಗುಲಾಬಿ ಬಣ್ಣದ್ದು ಒಣಗಿತ್ತು. ಹಾಗಾದರೆ ಹುಡುಗಿ ಇಲ್ಲಿ ಇಲ್ಲವೇ? ಆದರೆ ಕಿಟಕಿಯ ಬಳಿ ಉದ್ದ ಕೂದಲು ಸಿಕ್ಕಿಕೊಂಡ ಕ್ಲಿಪ್ಪು ಇತ್ತು, ದೊಡ್ಡಮ್ಮನದೋ ಮೋಟುಗೂದಲು.

ಬಾಯಿ ತಾನಾಗಿ ತೆರೆಯಿತು. “ನಮ್ಮ ಕಡೆ ಹೀಗೇ ಸರ್. ಮದುವೆ ಆಗೋ ತನಕ ನಾನೂ ಹಾಸಿಗೆ ಸುತ್ತಿ ಇಟ್ಟವಳೇ.”

ದೊಡ್ಡಮ್ಮ ಹೇಳದ ಮಾತು. ನಿಜವಾದ ಮಾತೇ. ಬ್ರಷ್ಷಿನ ಸಂಗತಿ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ವಾಕರ್ ನನ್ನನ್ನೊಮ್ಮೆ ನೋಡಿ, ವಾಸವಿದ್ದಾಳೆ ಎಂದು ಬರೆದು ಸಹಿ ಹಾಕಿದರು. ಮೇಘನಾ ಶಾಲೆಯಲ್ಲೇ ಉಳಿದಳು.

ವಾಪಸು ಡ್ರೈವ್ ಮಾಡುತ್ತಾ ನಮ್ಮ ಮನೆಯ ತಿರುವನ್ನೇ ದಾಟಿ ಹೋಗಿಬಿಟ್ಟೆ. ಸಹಾಯ ಮಾಡಿದೆನೋ, ಸುಳ್ಳಿಗೆ ಕೈ ಜೋಡಿಸಿದೆನೋ? ಅವಸರದಲ್ಲಿ ಹಲ್ಲುಜ್ಜದೆ ಓಡುವ ಹುಡುಗಿಯರಿಲ್ಲವೇ, ನನ್ನ ಮಗಳೇ ಓಡುತ್ತಿದ್ದಳಲ್ಲ! ಮಾತು ಸೇರಿಸಿದ್ದು ತಪ್ಪೋ, ನುಂಗಿದ್ದು ತಪ್ಪೋ, ಇವತ್ತಿಗೂ ಬಗೆಹರಿದಿಲ್ಲ. ಆ ಕೆಲಸ ನನಗೆ ಕಲಿಸಿದ್ದಿಷ್ಟು: ಕಾಲು ಗಂಟೆ ನೋಡಿ ಒಂದು ಮನೆಯಲ್ಲಿ ಯಾರು ಬಾಳುತ್ತಾರೆಂದು ಹೇಳಲಾಗದು, ಆದರೂ ಯಾರಾದರೂ ಸಹಿ ಹಾಕಲೇಬೇಕು.

ಸಂಜೆ ಪಕ್ಕದ ಮನೆಯ ಲಿಂಡಾ ಹಳೆಯ ಸೋಫಾವನ್ನು ಕಸದವರಿಗೆಂದು ರಸ್ತೆಬದಿಗೆ ಎಳೆಯುತ್ತಿದ್ದಳು. ನಾನೂ ಒಂದು ತುದಿ ಹಿಡಿದೆ.

“ಏಳು ವರ್ಷ ಇದರ ಮೇಲೇ ಮಲಗಿದೀನಿ, ಗೊತ್ತಾ?” ಎಂದು ನಕ್ಕಳು. “ನಮ್ಮವನ ಗೊರಕೆ! ಮೇಲಿನ ರೂಮಲ್ಲಿ ಇಬ್ಬರಿಗೂ ಆಗೋ ಒಳ್ಳೇ ಮಂಚ ಇದೆ. ಅದು ಮನೆ ನೋಡೋಕೆ ಬಂದವರಿಗೆ ತೋರಿಸೋಕೆ.”