ಕೊನೆಯ ಬೆಂಚಿಲ್ಲದ ಕೋಣೆ

ಇವತ್ತು ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದೆ. ಪಕ್ಕದ ಕೋಣೆಯಿಂದ ಗಡಗಡ ಸದ್ದು ಬಂತು, ಚಕ್ರದ ಮೇಜುಗಳನ್ನು ಎಳೆದಾಡುವ ಸದ್ದು. ಒಂದು ಕಾಲದಲ್ಲಿ ಅದನ್ನು ಕೇಳಿದರೆ ನನಗೆ ತಲೆನೋವು ಬರುತ್ತಿತ್ತು ಎಂದರೆ ನೀವು ನಂಬಬೇಕು.

ಮಣಿಪಾಲದ ನಮ್ಮ ಸಿವಿಲ್ ವಿಭಾಗದಲ್ಲಿ ಆ ಕೋಣೆಯ ಬೆಂಚು, ವೇದಿಕೆಗಳನ್ನು ಕಿತ್ತು, ಚಕ್ರದ ಮೇಜು ಕುರ್ಚಿ ತಂದು, ನಾಲ್ಕೂ ಗೋಡೆಗೆ ಬಿಳಿ ಬೋರ್ಡು ಹೊಡೆಸಿದಾಗ ಜೋರಾಗಿ ವಿರೋಧಿಸಿದವಳು ನಾನು. ಹದಿನೆಂಟು ವರ್ಷ ವೇದಿಕೆಯ ಮೇಲೆ ನಿಂತು ಪಾಠ ಮಾಡಿದವಳು. ಎತ್ತರ ಐದಡಿಗೂ ಕಡಿಮೆ. ವೇದಿಕೆ ಹೋದರೆ ನಾನು ಕಾಣುವುದೇ ಇಲ್ಲ! ಕಾಪುವಿನಿಂದ ಬರುವ ಅಟೆಂಡರ್ ಸುಂದರಣ್ಣ ಮಾತ್ರ ನನ್ನ ಪಕ್ಷ. “ಎಂತ ಮೇಡಂ ಇದು, ಕ್ಲಾಸಾ, ಮದುವೆ ಹಾಲಾ?” ಎಂದಿದ್ದರು.

ಆ ವರ್ಷದ ತರಗತಿಯಲ್ಲಿ ರೇಣುಕಾ ಇದ್ದಳು. ಅಪ್ಪ ಬಾಗಲಕೋಟೆ ಕಡೆಯಿಂದ ಬಂದು ಕಾರ್ಕಳದ ಕಲ್ಲುಕೋರೆಯಲ್ಲಿ ದುಡಿಯುವವರು. ಮೊದಲ ವಾರವೇ ಅವಳ ಮಾತಿನ ಧಾಟಿಗೆ ಯಾರೋ ನಕ್ಕಿದ್ದರಂತೆ. ಅಂದಿನಿಂದ ಕೊನೆಯ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತವಳು ಎರಡು ಟೆಸ್ಟಿನಲ್ಲಿ ಫೇಲಾಗಿ, ಕಾಲೇಜು ಬಿಡುವ ಅರ್ಜಿ ಹಿಡಿದು ನನ್ನ ಸಹಿಗೆ ಬಂದಳು. “ನನ್ನಿಂದ ಆಗೂದಿಲ್ಲ ಮೇಡಂ.” ಒಂದು ವಾರ ಇರಲಿ ಎಂದು ಅರ್ಜಿಯನ್ನು ಡ್ರಾಯರಿಗೆ ಹಾಕಿದೆ.

ಆ ವಾರವೇ ಹೊಸ ಕೋಣೆಯಲ್ಲಿ ಮೊದಲ ಪಾಠ. ಎಲ್ಲಿ ನಿಲ್ಲಬೇಕೆಂದೇ ತಿಳಿಯದೆ, ಮಕ್ಕಳನ್ನು ಐದೈದು ಜನರ ಗುಂಪು ಮಾಡಿ ಕೇಳಿದೆ: ಬಾಗಿಲ ಮೇಲಿನ ಉದ್ದ ಚಪ್ಪಡಿಯ ಮೇಲೆ ಭಾರ ಹೆಚ್ಚಿದರೆ ಬಿರುಕು ಮೊದಲು ಎಲ್ಲಿ ಬೀಳುತ್ತದೆ?

“ಮೇಲೆ ಮಾರಾಯ, ಭಾರ ಅಲ್ಲೇ ಉಂಟಲ್ವಾ?” ಎಂದು ರೇಣುಕಾಳ ಗುಂಪಿನ ಹುಡುಗನೊಬ್ಬ ಬರೆದೇಬಿಟ್ಟ. ಬೋರ್ಡು ಅವಳ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು. ಎದ್ದಳು. ಅವನು ಬರೆದದ್ದನ್ನು ಅಂಗೈಯಿಂದ ಒರೆಸಿದಳು.

“ಮೇಲಲ್ಲ, ಕೆಳಗಿಂದ ಸೀಳ್ತೈತಿ. ಕಲ್ಲು ಒತ್ತಿದ್ರ ತಡೀತೈತಿ, ಜಗ್ಗಿದ್ರ ತಡಿಯಂಗಿಲ್ಲ. ಭಾರಕ್ಕ ಬಾಗಿದಾಗ ಕೆಳಗಿನ ಮೈ ಜಗ್ತೈತಿ. ನಮ್ಮಪ್ಪ ಚಪ್ಪಡಿ ಇಡೋಕಿಂತ ಮೊದಲು ಅದರ ಕೆಳಗ ಕೈ ಸವರಿ ನೋಡ್ತಾನ.”

ಯಾರೂ ನಗಲಿಲ್ಲ. “ಜಗ್ಗೋದು ಅಂದ್ರೆ ಎಂತ?” ಎಂದು ಆ ಹುಡುಗನೇ ಕೇಳಿದ. “ಎಳೆಯೋದು” ಎಂದವಳು ಬಾಣದ ಗುರುತು ಹಾಕಿ ಚಿತ್ರ ಬಿಡಿಸತೊಡಗಿದಳು. ಉಳಿದ ಗುಂಪಿನವರ ಕುರ್ಚಿಗಳು ಒಂದೊಂದಾಗಿ ಅವಳತ್ತ ಉರುಳಿದವು. ಅವಳ ಖಾಲಿ ಕುರ್ಚಿಯಲ್ಲಿ ನಾನು ಕೂತೆ. ಚಿತ್ರ ಮುಗಿದಾಗ ಚಪ್ಪಾಳೆ ಬಿತ್ತು. ಬಾಗಿಲಲ್ಲಿ ನಿಂತ ಸುಂದರಣ್ಣನೂ ತಟ್ಟುತ್ತಿದ್ದರು.

ಸಂಜೆ ಬಂದು ಅರ್ಜಿ ವಾಪಸು ಪಡೆದು, ನನ್ನೆದುರೇ ಹರಿದು ಹಾಕಿದಳು. ಕೊನೆಯ ವರ್ಷ ವಿಭಾಗಕ್ಕೇ ಮೊದಲಿಗಳಾದಳು.

ಬೆಳಿಗ್ಗೆ ನಾನು ಕೇಳಿದ್ದು ಅವಳ ಕ್ಲಾಸಿನ ಸದ್ದು. ಈ ವರ್ಷ ನಮ್ಮ ವಿಭಾಗಕ್ಕೇ ಲೆಕ್ಚರರ್ ಆಗಿ ಬಂದಿದ್ದಾಳೆ. ಚಹಾ ಬಿಟ್ಟು ಒಳಗೆ ಹೋಗಿ ಮಕ್ಕಳ ನಡುವೆ ಕೂತೆ. ಅವಳೊಂದು ಪ್ರಶ್ನೆ ಕೇಳಿದಳು. ನಾನು ಕೈ ಎತ್ತಿದೆ.

“ನೀವು ಸುಮ್ನಿರ್ರಿ ಮೇಡಂ, ನಿಮಗ ಉತ್ತರ ಗೊತ್ತೈತಿ” ಎಂದಳು ನಗುತ್ತ, ತನ್ನದೇ ಧಾಟಿಯಲ್ಲಿ, ಇಡೀ ಕ್ಲಾಸಿಗೆ ಕೇಳುವಂತೆ.

ಗೊತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳಲೆಂದೇ ಕೈ ಎತ್ತಿದ್ದೆ.