ಮಾಲೆಸೆಲಿಯ ಮೊಟ್ಟೆ ಇಡದ ಕೋಳಿಗಳು

ನಮ್ಮಲ್ಲಿ ಚಳಿಗಾಲ ಶುರುವಾಗುವ ಮೇ ತಿಂಗಳಲ್ಲಿ, ಲೆಸೊಥೊ ಬೆಟ್ಟಗಳ ಮೇಲೆ ಇಬ್ಬನಿ ಹೆಪ್ಪುಗಟ್ಟತೊಡಗಿದಾಗ ಮಾಲೆಸೆಲಿಯ ಐದು ಕೋಳಿಗಳೂ ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಚಳಿಗಾಲದಲ್ಲಿ ಎಲ್ಲರ ಕೋಳಿಗಳೂ ನಿಲ್ಲಿಸುತ್ತವೆ. ಅವಳ ಹೊಟ್ಟೆ ಉರಿದದ್ದು ಬೇಲಿಯಾಚೆಯ ವಾರಗಿತ್ತಿ ಮಾಪೊಲೊಕೊಳ ಕೋಳಿಗಳು ನಿಲ್ಲಿಸಲಿಲ್ಲ ಎಂಬುದಕ್ಕೆ. ಆ ಮನೆಯಿಂದ ಅತ್ತೆಗೆ ದಿನಾ ಒಂದು ಬೇಯಿಸಿದ ಮೊಟ್ಟೆ ಬರುತ್ತಿತ್ತು. ಅತ್ತೆ ಅದನ್ನು ಅಂಗಳದ ಬಿಸಿಲಲ್ಲಿ ಕೂತು, ಮಾಲೆಸೆಲಿಗೆ ಕಾಣುವ ಹಾಗೆಯೇ ಸುಲಿಯುತ್ತಿದ್ದಳು.

ಗಂಡ ಮೊಖೆಲೆ ಎಂದೂ ಒಂದು ಹಿಡಿ ಕಾಳು ಎರಚಿದವನಲ್ಲ. ಊಟ ಮಾಡುತ್ತಾ ಹೇಳಿದ: "ನಿನ್ ಕೈಲಿ ಆಗಲ್ಲ ಅಂದ್ರೆ ಕೋಳಿಗಳನ್ನ ಅತ್ತಿಗೆಗೇ ಕೊಟ್ಬಿಡೋಣ. ಭಾನುವಾರ ಹಿಡಿದುಕೊಡು."

ಆ ಮನೆಯಲ್ಲಿ ಅವಳದು ಎಂದು ಹೇಳಲು ಇದ್ದದ್ದು ಆ ಐದು ಕೋಳಿಗಳೇ.

ನಮ್ಮ ಹೆಂಗಸರಿಗೆ ಗೊತ್ತಿರುವ ಕೆಲಸವನ್ನೇ ಅವಳೂ ಮಾಡಿದಳು. ಸಗಣಿ, ಮಣ್ಣು ಕಲಸಿ ಗೂಡಿನ ಒಂದೊಂದು ಬಿರುಕನ್ನೂ ಮೆತ್ತಿದಳು. ಮೇಲೆ ಮನೆಗೋಡೆಗೆ ಎಳೆಯುವ ಹಾಗೆ ಬೆರಳಿನಿಂದ ಗೆರೆ ಎಳೆದಳು. ಮಾಪೊಲೊಕೊ ನೋಡಲಿ ಎಂದೇ ಆ ಗೆರೆಗಳು. ಗಾಳಿಯಾಡದ ಗೂಡಿನಲ್ಲಿ ಕೋಳಿಗಳ ಉಸಿರೇ ನೀರಾಗಿ ತೊಟ್ಟಿಕ್ಕಿತು. ಮೂರನೆಯ ದಿನ ಅವುಗಳ ಒದ್ದೆಯಾದ ಜುಟ್ಟಿನ ತುದಿ ಚಳಿಗೆ ಕಪ್ಪಾಗಿತ್ತು.

ಶನಿವಾರ ಸಂಜೆ ಉಪ್ಪು ಕೇಳುವ ನೆಪದಲ್ಲಿ ವಾರಗಿತ್ತಿಯ ಅಡುಗೆ ಗುಡಿಸಲಿಗೆ ಹೋದಳು. ಒಳಗೆ ಬೆರಣಿಯ ಬೆಂಕಿ, ಗಳದ ಮೇಲೆ ಸಾಲಾಗಿ ಕೋಳಿಗಳು, ಪಕ್ಕದಲ್ಲಿ ಒಂದು ಹಾಸಿಗೆ.

"ಇಲ್ಲೇ ಮಲಗ್ತೀಯಾ ಅಕ್ಕಾ?"

"ಬೆಂಕಿ ಆರಿದ್ರೆ ಮೊಟ್ಟೆ ನಿಲ್ಲುತ್ತೆ. ಯಾರಾದ್ರೂ ಎದ್ದು ಬೆರಣಿ ಹಾಕ್ಬೇಕಲ್ಲ." ಮಾಪೊಲೊಕೊ ದನಿ ತಗ್ಗಿಸಿದಳು. "ನಿಮ್ ಭಾವ ಮೊದ್ಲು ಗೊಣಗಿದ್ರು. ಮೊಟ್ಟೆ ತಿಂದ್ಮೇಲೆ ಸುಮ್ನಾದ್ರು. ಆಗಸ್ಟ್ ತನಕ ನಂಗೆ ಯಾರ ಗೊರಕೆನೂ ಇಲ್ಲ, ಯಾರ ಕೈನೂ ಇಲ್ಲ ಕಣೆ."

ಮಾಲೆಸೆಲಿಯ ಹೊಟ್ಟೆಯುರಿ ಆರಲಿಲ್ಲ, ಹೆಚ್ಚಿತು. ಮೊಟ್ಟೆ ಏನು ಮಹಾ, ಆ ಗುಡಿಸಲಿಗೆ ಒಳಗಿನಿಂದ ಚಿಲಕವಿತ್ತು. ಎಷ್ಟು ವರ್ಷದಿಂದ ಹೀಗೆ ಎಂದು ಕೇಳಿದಳು. ಏಳು ಎಂದಳು ಅವಳು. ಏಳು ಚಳಿಗಾಲ ಈ ಸುಖವನ್ನು ಒಬ್ಬಳೇ ಉಂಡು, ತನಗೆ ಒಂದು ಮಾತೂ ಹೇಳಲಿಲ್ಲವಲ್ಲ ಎಂದು ಮಾಲೆಸೆಲಿಗೆ ಅಳು ಬಂತು. ಉಪ್ಪು ಇಸಿದುಕೊಳ್ಳದೆ ಮನೆಗೆ ನಡೆದಳು.

ಅಂದೇ ಕೋಳಿಗಳನ್ನೂ ಹಾಸಿಗೆಯನ್ನೂ ತನ್ನ ಅಡುಗೆ ಗುಡಿಸಲಿಗೆ ಸಾಗಿಸಿದಳು. ಇದೇನು ಹೊಸ ಆಟ ಎಂದು ಮೊಖೆಲೆ ಬಾಗಿಲಿಗೆ ಬಂದು ನಿಂತ.

"ಮೊಟ್ಟೆ ಬೇಕು ತಾನೆ ನಿಮಗೆ? ಬೆಂಕಿ ಕಾಯೋರು ಬೇಕು. ಇಲ್ಲಾಂದ್ರೆ ನೀವು ಇಲ್ಲಿ ಮಲಗಿ, ನಾನು ಮನೆ ಒಳಗೆ ಹೋಗ್ತೀನಿ."

ಅವನು ಹೊಗೆಗೆ ಕೆಮ್ಮುತ್ತಾ ಹಿಂದೆ ಸರಿದ. ಮರುದಿನ ಭಾನುವಾರ, ಕೋಳಿ ಹಿಡಿದುಕೊಡುವ ಮಾತು ಎತ್ತಲಿಲ್ಲ.

ಮೊದಲ ಮೊಟ್ಟೆ ಬರಲು ಹದಿನೆಂಟು ದಿನ ಹಿಡಿಯಿತು. ಅದನ್ನು ಗಂಡನಿಗೇ ಬೇಯಿಸಿಕೊಟ್ಟಳು. ವಾರಗಿತ್ತಿಯ ಜೊತೆ ಮಾತ್ರ ಆ ಚಳಿಗಾಲವಿಡೀ ಮಾತು ಬಿಟ್ಟಿದ್ದಳು.